ನೀರಿಗೂ ಸೈಕಲ್ಲಿಗೂ ಒಂದೇ ದಾರಿ ಕೊಟ್ಟರೆ

ಪ್ರಶ್ನೆ: ಪಾಂಡವಪುರದ ಹತ್ತಿರ ನನ್ನ ಸೋದರಮಾವನ ಪಟ್ಟಾ ಜಮೀನಿನಲ್ಲಿ ಬೇಸಾಯಕ್ಕೆ ಬಾರದ ಒಂದು ಗುಡ್ಡ ಇದೆ. ಎತ್ತರ ಸುಮಾರು 110 ಅಡಿ. ಎರಡು ವರ್ಷದ ಹಿಂದೆ ನಾವು ಏಳು ಜನ ಗೆಳೆಯರು ಸೇರಿ, ದನ ಓಡಾಡುತ್ತಿದ್ದ ಹಳೇ ಜಾಡನ್ನೇ ಅಗಲ ಮಾಡಿ ಮೌಂಟನ್ ಬೈಕ್ ಟ್ರೇಲ್ ಮಾಡಿಕೊಂಡೆವು. ನೆತ್ತಿಯಿಂದ ಕೆಳಗಿನವರೆಗೆ 450 ಅಡಿ ಇಳಿಜಾರು, ತುದಿಯಲ್ಲೊಂದು ತಿರುವು. ಹೋದ ವರ್ಷದ ಹಿಂಗಾರಿಗೆ ಮಧ್ಯದಲ್ಲಿ ಮೊಣಕಾಲುದ್ದ ಕೊರಕಲು ಬಿದ್ದಿದೆ. ತಿರುವಿಗೆ ಮುಂಚೆ ನೆಲವೆಲ್ಲ ಅಲೆ ಅಲೆ, ಕೆಳಗೆ ಕೆಸರು ಗುಂಡಿ. ಹೊಸಬರು ಇಳಿಯೋಕೆ ಹೆದರುತ್ತಾರೆ, ಹಳಬರು ಬೋರು ಅನ್ನುತ್ತಾರೆ. ಜೆಸಿಬಿ ತರಿಸಿ ಕೊರಕಲು ಮುಚ್ಚಿ, ಎರಡು ಜಂಪ್ ಹಾಕಿಸೋಣ ಅಂತಿದ್ದೇವೆ. ಸರಿನಾ ಸಾರ್?

ಉತ್ತರ: ಜೆಸಿಬಿಯವರಿಗೆ ಅಡ್ವಾನ್ಸ್ ಕೊಟ್ಟಿಲ್ಲ ತಾನೆ? ಕೊಟ್ಟಿದ್ದರೆ ಬೇರೆ ಕೆಲಸಕ್ಕೆ ಬಳಸಿಕೊಳ್ಳಿ.

ನೀವು ಕಳಿಸಿದ ಫೋಟೋಗಳಲ್ಲಿ ನಾಲ್ಕನೆಯದನ್ನು ದೊಡ್ಡದು ಮಾಡಿ ನೋಡಿದೆ. ಕೊರಕಲಿನ ತಳದಲ್ಲಿ ಮಣ್ಣೇ ಇಲ್ಲ, ಬರೀ ಗರಸು ಮತ್ತು ಮುಷ್ಟಿ ಗಾತ್ರದ ಬೆಣಚುಕಲ್ಲು. ಎಡಗಡೆ ಒಂದು ಬೇವಿನ ಬೇರು ಒಂದು ಗೇಣು ಗಾಳಿಯಲ್ಲಿ ನೇತಾಡುತ್ತಿದೆ. ಅಂದರೆ ನೀರು ನಿಮ್ಮ ಜಾಡನ್ನು ಒಂದು ದಿನದಲ್ಲಿ ಕಿತ್ತದ್ದಲ್ಲ, ಪ್ರತಿ ಮಳೆಯಲ್ಲೂ ಬಂದು ಅದೇ ಜಾಗದಲ್ಲಿ ಇಳಿದಿದೆ. ಈಗ ಅದಕ್ಕೆ ಸಡಿಲ ಮಣ್ಣು ತುಂಬಿದರೆ ಮುಂದಿನ ಹಸ್ತ-ಚಿತ್ತೆ ಮಳೆಗೆ ಆ ಮಣ್ಣು ಪೂರ್ತಿ ನಿಮ್ಮ ಕೆಸರು ಗುಂಡಿಗೆ ಬಂದು ಕೂರುತ್ತದೆ. ನಮ್ಮ ಸೀಮೆಗೆ ವರ್ಷಕ್ಕೆ ಬೀಳುವುದು 700ರಿಂದ 800 ಮಿಲಿಮೀಟರ್, ಮಲೆನಾಡಿನ ಲೆಕ್ಕದಲ್ಲಿ ಏನೇನೂ ಅಲ್ಲ. ಆದರೆ ಅದು ಬೀಳುವ ರೀತಿ ನಿಮಗೆ ಗೊತ್ತಲ್ಲ, ಅರ್ಧ ಗಂಟೆ ಸುರಿದು ಹೋಗುತ್ತದೆ. ಗಿಡವಿಲ್ಲದ ಕೆಂಪು ನೆಲದ ಮೇಲೆ ಅಂಥ ಮಳೆ ಬೀಳುವುದಕ್ಕೂ ದಿನವಿಡೀ ಸೋನೆ ಹಿಡಿಯುವುದಕ್ಕೂ ತುಂಬ ಅಂತರ ಇದೆ.

ತಪ್ಪು ಜಾಡಿನ ದಿಕ್ಕಿನಲ್ಲಿದೆ. 110 ಅಡಿ ಎತ್ತರವನ್ನು 450 ಅಡಿಯಲ್ಲಿ ಇಳಿಸಿದ್ದೀರಿ, ಅಂದರೆ ನೂರಕ್ಕೆ 24. ಆ ಮಗ್ಗುಲಿನ ಗುಡ್ಡದ ಇಳಿಜಾರೇ ನೂರಕ್ಕೆ 28ರ ಹತ್ತಿರ ಇರಬೇಕು, ನಿಮ್ಮ ನಕ್ಷೆ ನೋಡಿದರೆ. ಗುಡ್ಡದ ಮೇಲೆ ಒಂದು ಚೆಂಡು ಬಿಟ್ಟರೆ ಅದು ಉರುಳುವ ಗೆರೆಗೂ ನಿಮ್ಮ ಟ್ರೇಲಿಗೂ ಹೆಚ್ಚು ವ್ಯತ್ಯಾಸ ಇಲ್ಲ. ಚೆಂಡಿನ ದಾರಿಯೇ ನೀರಿನ ದಾರಿ. ಟ್ರೇಲ್ ಕಟ್ಟುವವರು ಎಲ್ಲ ಕಡೆ ಇಟ್ಟುಕೊಂಡಿರುವ ಒಂದು ಲೆಕ್ಕ ಇದೆ: ಟ್ರೇಲಿನ ಇಳಿಜಾರು ಅದು ಹಾದುಹೋಗುವ ಗುಡ್ಡದ ಇಳಿಜಾರಿನ ಅರ್ಧ ಮೀರಬಾರದು. ಗುಡ್ಡ 28 ಆದರೆ ಟ್ರೇಲ್ 14ರೊಳಗೆ ಇರಬೇಕು. ಮೀರಿದರೆ ಮೇಲಿನಿಂದ ಬಂದ ನೀರು ಟ್ರೇಲನ್ನು ಅಡ್ಡ ದಾಟಿ ಹೋಗುವ ಬದಲು ಟ್ರೇಲಿನೊಳಗೇ ತಿರುಗಿಕೊಳ್ಳುತ್ತದೆ. ಇದರ ಜೊತೆಗೆ, ಒಟ್ಟು ಟ್ರೇಲಿನ ಸರಾಸರಿ ನೂರಕ್ಕೆ 10ರ ಆಸುಪಾಸಿನಲ್ಲಿರಬೇಕು. ನಿಮ್ಮದು ಗರಸು ಮಣ್ಣು, ಬೇಗ ಕದಡುತ್ತದೆ, ಹಾಗಾಗಿ ನಾನು 8 ಅಂತ ಇಟ್ಟುಕೊಳ್ಳುತ್ತೇನೆ. ಲೆಕ್ಕ ಹಾಕಿ: 110 ಅಡಿ ಇಳಿಯಲು 1,375 ಅಡಿ ಬೇಕು. ಏರಿಳಿತ ಸೇರಿಸಿದರೆ 1,500 ದಾಟುತ್ತದೆ.

450 ಅಡಿಯಲ್ಲಿ ಮುಗಿಯುತ್ತಿದ್ದ ಇಳಿತ 1,500 ಅಡಿ ಆಯಿತು ಅಂದರೆ ಹಳಬರ ಬೋರಿಗೆ ಅರ್ಧ ಔಷಧ ಅಲ್ಲೇ ಸಿಕ್ಕಿತು. ಮಾವನ ಜಮೀನು ದೊಡ್ಡದಾಗಲಿಲ್ಲ, ಸವಾರಿ ಮಾತ್ರ ಮೂರು ಪಟ್ಟು ಉದ್ದವಾಯಿತು.

ನಿಮ್ಮ ಊರಿನಲ್ಲಿ ಇದಕ್ಕೆ ಮಾದರಿ ಹುಡುಕಿಕೊಂಡು ಹೋಗಬೇಕಿಲ್ಲ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ನೋಡಿ, ಶ್ರೀರಂಗಪಟ್ಟಣದ ಕಡೆಯ ಹಳೇ ಚಿಕ್ಕದೇವರಾಯಸಾಗರ ನಾಲೆ ನೋಡಿ. ದಿಣ್ಣೆ ಬಂದರೆ ನಾಲೆ ಅದನ್ನು ಬಳಸುತ್ತದೆ, ಹಳ್ಳ ಬಂದರೆ ಒಳಕ್ಕೆ ಸರಿಯುತ್ತದೆ. ನೆಲದ ಮಟ್ಟ ಬಿಟ್ಟು ಕದಲುವುದಿಲ್ಲ. ನಿಮ್ಮ ಟ್ರೇಲ್ ಗುಡ್ಡದ ಮೈಯನ್ನು ಹೀಗೆ ತಬ್ಬಿಕೊಂಡು ಹೋಗಬೇಕು. ಒಂದೇ ಒಂದು ವಿಷಯದಲ್ಲಿ ನಾಲೆಗೆ ಉಲ್ಟಾ: ನಾಲೆ ನೀರನ್ನು ಹಿಡಿದಿಟ್ಟುಕೊಂಡು ಸಾಗಬೇಕು, ಟ್ರೇಲ್ ಸಿಕ್ಕ ಸಿಕ್ಕಲ್ಲಿ ಅದನ್ನು ಕೈಬಿಡಬೇಕು.

ಅಳತೆಗೆ ದುಬಾರಿ ಉಪಕರಣ ಬೇಡ. ಗಾರೆ ಕೆಲಸದವರ ನೀರು ತುಂಬಿದ ಪಾರದರ್ಶಕ ಪೈಪು, ಒಂದು ಟೇಪು, ಎರಡು ಕೋಲು ಸಾಕು. 50 ಅಡಿ ದೂರದಲ್ಲಿ ಮಟ್ಟ 4 ಅಡಿ ಇಳಿದಿದ್ದರೆ ನೂರಕ್ಕೆ 8. ಫೋನಿನ ಆ್ಯಪ್ ಬಳಸುವುದಾದರೆ ಒಂದು ಎಚ್ಚರಿಕೆ: ಎಷ್ಟೋ ಆ್ಯಪುಗಳು ತೋರಿಸುವುದು ಡಿಗ್ರಿ. ಅದರಲ್ಲಿ 10 ಅಂತ ಬಂದರೆ ಅದು ನೂರಕ್ಕೆ ಹದಿನೇಳೂವರೆ. ಮೈಸೂರಿನ ಒಂದು ತಂಡ ಇದೇ ಗೊಂದಲದಲ್ಲಿ ಇಡೀ ಒಂದು ಮಗ್ಗುಲು ಅಗೆದು, ಆಮೇಲೆ ನನ್ನನ್ನು ಕರೆಸಿತು. ಹೇಳುವುದಕ್ಕೆ ಏನೂ ಉಳಿದಿರಲಿಲ್ಲ.

ಸಲಿಕೆ ಮುಟ್ಟುವ ಮೊದಲು ಗುಡ್ಡವನ್ನು ಮಳೆಯಲ್ಲಿ ನೋಡಿ. ಗುಡುಗು-ಸಿಡಿಲು ಇರುವಾಗ ಬೋಳುಗುಡ್ಡದ ಮೇಲೆ ನಿಲ್ಲಬೇಡಿ, ಅದು ನಿಂತ ಮೇಲೆ ಹೋಗಿ. ಹರಿದ ನೀರು ಕಸಕಡ್ಡಿಯನ್ನು ಗೆರೆ ಎಳೆದ ಹಾಗೆ ಬಿಟ್ಟು ಹೋಗಿರುತ್ತದೆ, ಆ ಗೆರೆಗಳಿಗೆಲ್ಲ ಸುಣ್ಣದ ಪುಡಿ ಹಾಕಿ ಗುರುತು ಮಾಡಿ. ಮಳೆ ಬರಲೇ ಇಲ್ಲವೋ, ಒಂದು ಬಿಂದಿಗೆ ನೀರು ಹೊತ್ತುಕೊಂಡು ಹೋಗಿ ಹತ್ತು ಕಡೆ ಚೆಂಬಿನಲ್ಲಿ ಸುರಿದು ನೋಡಿ. ಆಮೇಲೆ ಗುಡ್ಡದಲ್ಲಿ ಚೆಂದದ ಜಾಗಗಳನ್ನು ಆರಿಸಿ. ಎರಡನೇ ಫೋಟೋದಲ್ಲಿ ಆನೆ ಮಲಗಿದ ಹಾಗಿರುವ ಬಂಡೆ ಇದೆಯಲ್ಲ, ಅದರ ಪಕ್ಕ ಹಾದುಹೋಗದಿದ್ದರೆ ಆ ಗುಡ್ಡದಲ್ಲಿ ಸೈಕಲ್ ಯಾಕೆ ಹೊಡೆಯಬೇಕು? ಆ ಬಂಡೆ, ಕುಂತಿಬೆಟ್ಟ ಕಾಣುವ ಅಂಚು, ಹುಣಸೆ ಮರದ ನೆರಳು, ಇವು ಹೋಗಲೇಬೇಕಾದ ಜಾಗಗಳು. ಕೊರಕಲು, ಜವುಗು, ಹುತ್ತ ಇವು ಹೋಗಬಾರದವು. ಮೊದಲಿನವನ್ನು ಪೋಣಿಸುತ್ತಾ, ಎರಡನೆಯವನ್ನು ತಪ್ಪಿಸುತ್ತಾ, 8ರ ಇಳಿಜಾರಿನಲ್ಲಿ ಬಟ್ಟೆ ಚೂರು ಕಟ್ಟಿಕೊಂಡು ಹೋಗಿ. ಕಟ್ಟಿದ ಮೇಲೆ ಒಂದು ವಾರ ಬಿಟ್ಟು ಮತ್ತೆ ನಡೆದು ನೋಡಿ. ನನ್ನ ಅನುಭವದಲ್ಲಿ ಬಟ್ಟೆ ಚೂರು ಮೂರು ಸಲವಾದರೂ ಜಾಗ ಬದಲಿಸುತ್ತದೆ.

ಈಗ ಇಡೀ ವಿಷಯದ ಗುಂಡಿಗೆಗೆ ಬರೋಣ. ಕೆರೆಗೆ ಕೋಡಿ ಇಲ್ಲದಿದ್ದರೆ ಏರಿ ಒಡೆಯುತ್ತದೆ. ಟ್ರೇಲಿಗೂ ಕೋಡಿ ಬೇಕು, ಅದೂ 20ರಿಂದ 50 ಅಡಿಗೆ ಒಂದರಂತೆ. ಹೇಗೆಂದರೆ, ಇಳಿಯುತ್ತಾ ಬಂದ ಟ್ರೇಲ್ ಐದಾರು ಹೆಜ್ಜೆಯಷ್ಟು ದೂರ ಮೇಲಕ್ಕೆ ಏರಬೇಕು, ಒಂದಡಿಯಷ್ಟು ಎತ್ತರ ಸಾಕು, ಆಮೇಲೆ ಮತ್ತೆ ಇಳಿಯಬೇಕು. ಆ ತಗ್ಗಿನಲ್ಲಿ ಕಣಿವೆಯ ಕಡೆಯ ಅಂಚನ್ನು ಮೂರು ಹೆಜ್ಜೆ ಅಗಲಕ್ಕೆ ತೆರೆದಿಡಬೇಕು. ನೀರು ಏರು ಹತ್ತಲಾರದೆ ಅಲ್ಲೇ ಹೊರಗೆ ಬೀಳುತ್ತದೆ. 40 ಅಡಿ ಟ್ರೇಲಿನ ನೀರಿಗೆ ಮಣ್ಣು ಕೊಚ್ಚುವ ಶಕ್ತಿ ಇರುವುದಿಲ್ಲ. 400 ಅಡಿಯ ನೀರು ಒಟ್ಟುಗೂಡಿದರೆ ನಿಮ್ಮ ನಾಲ್ಕನೇ ಫೋಟೋ.

ಇದೇ ತಗ್ಗು-ಏರನ್ನು ಸವಾರನ ಕಣ್ಣಿನಲ್ಲಿ ನೋಡಿ. ತಗ್ಗಿಗೆ ಇಳಿದಾಗ ಮೈ ಭಾರ ಆಗುತ್ತದೆ, ಏರಿನ ನೆತ್ತಿಯಲ್ಲಿ ಹಗುರ ಆಗುತ್ತದೆ, ಜಾತ್ರೆಯ ಉಯ್ಯಾಲೆಯಲ್ಲಿ ಹೊಟ್ಟೆ ಜುಮ್ಮೆಂದ ಹಾಗೆ. ಪೆಡಲ್ ತುಳಿಯದೆ, ಮೈ ಒತ್ತಿ ಸಡಿಲಿಸಿಯೇ ಸೈಕಲ್ಲನ್ನು ಓಡಿಸಬಹುದು. ಹೊಸಬರು ಅದರ ಮೇಲೆ ಸುಮ್ಮನೆ ಉರುಳಿಕೊಂಡು ಹೋಗುತ್ತಾರೆ, ಬಲ್ಲವರು ಒಂದು ನೆತ್ತಿಯಿಂದ ಹಾರಿ ಇನ್ನೊಂದರ ಇಳಿಜಾರಿನಲ್ಲಿ ಇಳಿಯುತ್ತಾರೆ. ನೀರನ್ನು ಹೊರಹಾಕಲು ಕಟ್ಟಿದ್ದೇ ಮಜಾ ಕೊಡುತ್ತಿದೆ, ಅದಕ್ಕೆ ಬೇರೆ ಖರ್ಚಿಲ್ಲ. ನೀವು ಕೇಳಿದ ಆ ಎರಡು ಜಂಪಿನ ಜಾಗದಲ್ಲಿ ಹೀಗೆ ಮೂವತ್ತು ಸಿಗುತ್ತವೆ.

ನನ್ನದೊಂದು ಎಡವಟ್ಟು ಹೇಳುತ್ತೇನೆ. ಜಲಾನಯನದ ಕೆಲಸದಲ್ಲಿ ವರ್ಷಗಟ್ಟಲೆ ಹೊಲಗಳಿಗೆ ಬದು ಹಾಕಿಸಿದವನು ನಾನು, ನೀರಿನ ಬಗ್ಗೆ ನನಗೆ ಯಾರೂ ಹೇಳಿಕೊಡಬೇಕಿಲ್ಲ ಅನ್ನುವ ಜಂಬ ಇತ್ತು. ಮೊದಲ ಟ್ರೇಲಿನಲ್ಲಿ ಈ ತಗ್ಗು-ಏರಿನ ಗೋಜಿಗೆ ಹೋಗದೆ, ನೀಲಗಿರಿ ದಿಮ್ಮಿಗಳನ್ನು ಅಡ್ಡಲಾಗಿ ಓರೆ ಹೂತು, ನೀರು ತಿರುಗಿಸಿದೆ ಅಂದುಕೊಂಡೆ. ಕೃತ್ತಿಕೆ ಮಳೆ ಒಂದೇ ಬಂತು. ದಿಮ್ಮಿಯ ಹಿಂದೆ ಮಣ್ಣು ತುಂಬಿ ಸಮ ಆಯಿತು, ನೀರು ಮೇಲೆ ಹತ್ತಿ ಆಚೆ ಬಿದ್ದು ದಿಮ್ಮಿಯ ಬುಡವನ್ನೇ ತೋಡಿತು. ತೊಗಟೆ ಬಿಟ್ಟ ಒದ್ದೆ ದಿಮ್ಮಿಯ ಮೇಲೆ ಓರೆಯಾಗಿ ಚಕ್ರ ಹತ್ತಿಸಿದ ಹುಡುಗನೊಬ್ಬ ಮೊಣಕೈ ಕೆತ್ತಿಕೊಂಡ. ಅವತ್ತಿನಿಂದ ದಿಮ್ಮಿಗಳನ್ನು ಕೂರುವುದಕ್ಕೆ ಮಾತ್ರ ಬಳಸುತ್ತೇನೆ.

ಟ್ರೇಲಿನ ಮೈಗೆ ವಾಟ ಬೇಕು. ಮನೆಯ ತಾರಸಿಗೆ ಮೇಸ್ತ್ರಿ ವಾಟ ಕೊಡುತ್ತಾನಲ್ಲ, ಅದೇ. ಕಣಿವೆಯ ಕಡೆಗೆ ನೂರಕ್ಕೆ 5, ಅಂದರೆ ಮೂರಡಿ ಅಗಲದ ಟ್ರೇಲಿಗೆ ಹೆಚ್ಚುಕಡಿಮೆ 2 ಇಂಚು. ಕಾಲಕ್ರಮೇಣ ಚಕ್ರ ಓಡಿ ನಡು ತಗ್ಗಾಗಿ ಹೊರ ಅಂಚಿನಲ್ಲಿ ಸಣ್ಣ ಬದು ಏಳುತ್ತದೆ, ವಾಟ ಸತ್ತುಹೋಗುತ್ತದೆ. ವರ್ಷಕ್ಕೊಮ್ಮೆ ಆ ಅಂಚನ್ನು ಕೆರೆದು ತೆಗೆಯುವುದೇ ನಿಮ್ಮ ಮುಖ್ಯ ರಿಪೇರಿ. ಅದು ತಪ್ಪಿದರೂ ತಗ್ಗು-ಏರು ಕಾಪಾಡುತ್ತದೆ, ಅದಕ್ಕೇ ಎರಡೂ ಬೇಕು ಅನ್ನುವುದು.

ಅಗೆಯುವಾಗ ಹುಡುಗರೆಲ್ಲ ಮಾಡುವ ತಪ್ಪೊಂದಿದೆ. ಗುಡ್ಡವನ್ನು ಅರ್ಧ ಕಡಿದು, ಆ ಮಣ್ಣನ್ನೇ ಹೊರಗೆ ಹಾಕಿ ಇನ್ನರ್ಧ ಅಗಲ ಮಾಡುವುದು. ಸಲೀಸು, ಕೆಲಸ ಅರ್ಧ. ಆದರೆ ಆ ಹೊರಗಿನ ಅರ್ಧ ಹಾಕಿದ ಮಣ್ಣು, ಎರಡು ಮಳೆಗೆ ಜಾರುತ್ತದೆ. ಮೂರಡಿಯನ್ನೂ ಗಟ್ಟಿ ನೆಲದಲ್ಲೇ ಕಡಿಯಿರಿ. 28ರ ಗುಡ್ಡದಲ್ಲಿ ಒಳಬದಿ ಹತ್ತು ಇಂಚು ಆಳ ಹೋಗುತ್ತದೆ, ಅಷ್ಟೇ. ಒಳಗೋಡೆಯನ್ನು ನೆಟ್ಟಗೆ ಬಿಡದೆ ಹಿಂದಕ್ಕೆ ಓರೆ ಮಾಡಿ. ತೆಗೆದ ಮಣ್ಣಿನಲ್ಲಿ ಒಳ್ಳೆಯದನ್ನು ತಿರುವುಗಳಿಗೆ ಎತ್ತಿಡಿ, ಉಳಿದದ್ದನ್ನು ಬಾಣಲಿಯಲ್ಲಿ ದೂರ ಎರಚಿ. ಗುಡ್ಡದ ಅಂಚು ಎಷ್ಟು ನಂಬಿಗಸ್ತ ಅನ್ನುವುದಕ್ಕೆ ಚಾಮುಂಡಿ ಬೆಟ್ಟದ ನಂದಿ ರಸ್ತೆ ನೆನಪಿಸಿಕೊಳ್ಳಿ. 2021ರ ಅಕ್ಟೋಬರ್ ಮಳೆಗೆ ಡಾಂಬರು ರಸ್ತೆಯೇ ಅಂಚು ಸಮೇತ ಕುಸಿಯಿತು.

ತಿರುವಿಗೆ ಮುಂಚಿನ ಆ ಅಲೆ ಅಲೆ ನೆಲ ನೀರಿನ ಕೆಲಸವಲ್ಲ, ಬ್ರೇಕಿನದು. 450 ಅಡಿ ಸುಮ್ಮನೆ ವೇಗ ಕೊಟ್ಟು, ಕೊನೆಗೆ ಗಕ್ಕನೆ ತಿರುಗು ಅಂದರೆ ಎಲ್ಲರೂ ಒಂದೇ ಜಾಗದಲ್ಲಿ ಬ್ರೇಕ್ ಅದುಮುತ್ತಾರೆ. ಹಿಂದಿನ ಚಕ್ರ ಜಾರಿ ಮಣ್ಣು ಕೀಳುತ್ತದೆ, ಅದು ಮುಂದೆ ಗುಡ್ಡೆಯಾಗುತ್ತದೆ, ಮುಂದಿನವನ ಚಕ್ರ ಆ ಗುಡ್ಡೆಯ ಮೇಲೆ ಕುಪ್ಪಳಿಸುತ್ತದೆ. ಹೊಸಬರು ಹೆದರುವುದೂ ಅಲ್ಲಿಯೇ ಅಂತ ನನ್ನ ಊಹೆ. ಬ್ರೇಕ್ ಹಿಡಿಯುವ ಕೆಲಸವನ್ನು ನೆಲಕ್ಕೆ ಒಪ್ಪಿಸಿ: ತಿರುವಿನ ಮುಂಚೆ ಟ್ರೇಲನ್ನು ಮೂರಡಿ ಎತ್ತರ ಹತ್ತಿಸಿ. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಬಂದವನು ಏನೂ ಮಾಡದಿದ್ದರೂ ಆ ಏರಿನ ಮೇಲೆ 20ಕ್ಕೆ ಇಳಿದಿರುತ್ತಾನೆ. ತಿರುವಿನ ನೀರೂ ಆ ಏರಿನ ಹಿಂದೆಯೇ ಹೊರಗೆ ಹೋಗಿರುತ್ತದೆ, ಬರ್ಮಿನೊಳಗೆ ಬರುವುದಿಲ್ಲ.

ಬರ್ಮ್ ಅಂದರೆ ತಿರುವಿನ ಹೊರಬದಿಗೆ ಎತ್ತಿದ ಮಣ್ಣಿನ ಗೋಡೆ, ಗೊತ್ತಿದೆ ನಿಮಗೆ. ತ್ರಿಜ್ಯ ಹತ್ತು ಅಡಿಗಿಂತ ಕಡಿಮೆ ಮಾಡಬೇಡಿ. ಅದರ ಗುಟ್ಟು ಮಣ್ಣಿನಲ್ಲಿದೆ. ಒಂದು ಹಿಡಿ ಮಣ್ಣಿಗೆ ನೀರು ಚಿಮುಕಿಸಿ ಮುದ್ದೆಯ ಹಾಗೆ ಉಂಡೆ ಕಟ್ಟಿ, ಸೊಂಟದೆತ್ತರದಿಂದ ಬೀಳಿಸಿ. ಪುಡಿ ಪುಡಿ ಆದರೆ ಬರೀ ಮರಳು-ಗರಸು, ಅದಕ್ಕೆ ಜೇಡಿ ಬೇಕು. ಚಪ್ಪಟೆಯಾಗಿ ಅಂಟಿಕೊಂಡರೆ ಜೇಡಿ ಜಾಸ್ತಿ, ಮಳೆಯಲ್ಲಿ ಬೆಣ್ಣೆ ಆಗುತ್ತದೆ. ಎರಡು-ಮೂರು ಹೋಳಾದರೆ ಸರಿ ಇದೆ. ನಿಮ್ಮ ಗುಡ್ಡದ ಮಣ್ಣಿಗೆ ಬೇಸಿಗೆಯಲ್ಲಿ ಹೂಳೆತ್ತುವ ಕೆರೆಯ ಗೋಡು ಮೂರರಲ್ಲಿ ಒಂದು ಪಾಲು ಬೆರೆಸಿ ಒಂದು ಅಡಿ ಉದ್ದದ ಮಾದರಿ ಮಾಡಿ ನೋಡಿ. ಹುತ್ತದ ಮಣ್ಣು ಇನ್ನೂ ಚೆನ್ನಾಗಿ ಹಿಡಿಯುತ್ತದೆ, ಆದರೆ ಹುತ್ತಕ್ಕೆ ಗುದ್ದಲಿ ಹಾಕಿದಿರೋ ನಾಗಪ್ಪನ ಮುಂಚೆ ನಿಮ್ಮತ್ತೆಯೇ ಬಂದು ನಿಲ್ಲುತ್ತಾರೆ. ಒಂದೇ ಸಲ ಎತ್ತರಕ್ಕೆ ರಾಶಿ ಹಾಕಬೇಡಿ, ನಾಲ್ಕು ಇಂಚು ಹಾಕಿ ದಿಮ್ಮಸಿನಿಂದ ಬಡಿದು, ಮೇಲೆ ಇನ್ನೊಂದು ನಾಲ್ಕು ಇಂಚು. ಮಣ್ಣು ಹದವಾಗಿ ಒದ್ದೆ ಇರಬೇಕು. ಮಾರ್ಚ್ ಬಿಸಿಲಲ್ಲಿ ಒಣ ಮಣ್ಣಿನಲ್ಲಿ ಕಟ್ಟಿದ ಬರ್ಮ್ ನೋಡೋಕೆ ಮಾತ್ರ ಬರ್ಮ್, ಎರಡನೇ ಸವಾರ ತಿರುಗುವಷ್ಟರಲ್ಲಿ ಬಿರುಕು.

ಕೆಸರು ಗುಂಡಿಯನ್ನು ಸರಿ ಮಾಡುವ ಪ್ರಯತ್ನವನ್ನೇ ಬಿಡಿ. ಅದು ಇಡೀ ಗುಡ್ಡದ ನೀರು ನಿಲ್ಲುವ ಜಾಗ. ಹೊಸ ಟ್ರೇಲನ್ನು ಅದಕ್ಕಿಂತ ನಾಲ್ಕಾರು ಅಡಿ ಮೇಲೆಯೇ ಮುಗಿಸಿ ವಾಪಸ್ ತಿರುಗಿಸಿ.

ಕಡಿದಾಗಿಯೇ ಇಳಿಯಬೇಕು ಅನ್ನುವವರಿಗೆ ಒಂದು ದಾರಿ ಇದೆ, ಕಲ್ಲು. ಚಾಮುಂಡಿ ಬೆಟ್ಟದ ಮೆಟ್ಟಿಲು ನೇರ ನೆತ್ತಿಗೆ ಹತ್ತುತ್ತದೆ, ನಾನು ಇಷ್ಟು ಹೊತ್ತು ಹೇಳಿದ ಎಲ್ಲ ಲೆಕ್ಕವನ್ನೂ ಮುರಿಯುತ್ತದೆ, ಆದರೂ 17ನೇ ಶತಮಾನದಿಂದ ಅಲ್ಲೇ ಇದೆ. ಅಲ್ಲಿ ನೀರು ಕೀಳಲು ಮಣ್ಣಿಲ್ಲ. ನಿಮ್ಮ ಬಂಡೆಯ ಪಕ್ಕ 20 ಅಡಿ ಉದ್ದಕ್ಕೆ ಕಲ್ಲು ಹಾಸಿ, ಧೈರ್ಯಸ್ಥರಿಗೆ ಒಂದು ಅಡ್ಡದಾರಿ ಮಾಡಿಕೊಡಿ. ಚಪ್ಪಡಿಯನ್ನು ಹಾಸುವುದಕ್ಕಿಂತ, ಕೆರೆ ಏರಿಗೆ ಕಟ್ಟುವ ಹಾಗೆ ಉದ್ದ ಕಲ್ಲನ್ನು ನಿಲ್ಲಿಸಿ ಮುಕ್ಕಾಲು ಪಾಲು ಹೂಳಿ, ಒಂದಕ್ಕೊಂದು ಬಿಗಿಯಾಗಿ, ಸಂದಿಗೆ ಗರಸು ಹೊಡೆದು. ಒಬ್ಬ ಸಲೀಸಾಗಿ ಎತ್ತುವಂಥ ಕಲ್ಲು ಈ ಕೆಲಸಕ್ಕೆ ಚಿಕ್ಕದು.

ಜಂಪ್ ಬೇಕೇ ಬೇಕಾದರೆ ಮೇಲ್ಭಾಗ ಚಪ್ಪಟೆ ಇರುವ ಟೇಬಲ್‌ಟಾಪ್ ಮಾಡಿ, ನಡುವೆ ಗುಂಡಿ ಇರುವುದು ಬೇಡ. ಹಾರಲಾರದವನು ಅದರ ಮೇಲೆ ಉರುಳಿಕೊಂಡು ಹೋಗಲಿ. ಇಳಿಯುವ ಜಾಗ ಹಾರುವ ಜಾಗದಿಂದ ಕಾಣುವಂತಿರಬೇಕು.

ಹಳೇ ಜಾಡನ್ನು ಮುಚ್ಚದಿದ್ದರೆ ಇಷ್ಟೂ ಕೆಲಸ ದಂಡ. ಕಣ್ಣಿಗೆ ಕಾಣುವ ನೇರ ದಾರಿಯನ್ನು ಯಾರೂ ಬಿಡುವುದಿಲ್ಲ. ಕೊರಕಲಿಗೆ 15-20 ಅಡಿಗೊಂದು ಕಲ್ಲಿನ ತಡೆ ಹಾಕಿ, ನಡು ಭಾಗ ಅಂಚಿಗಿಂತ ತಗ್ಗಿರಲಿ, ಇಲ್ಲದಿದ್ದರೆ ನೀರು ಬದಿ ಕೊರೆಯುತ್ತದೆ. ಹಿಂದೆ ಹೂಳು ನಿಂತ ಮೇಲೆ ಲಾವಂಚ, ತಂಗಡಿ ಮತ್ತು ಬಂದರೆ ಗಿಡಗಳನ್ನು ಹಾಕಿ. ಮೇಲಿನ ಮತ್ತು ಕೆಳಗಿನ ಬಾಯಿಗೆ 30 ಅಡಿ ತನಕ ಜಾಲಿ ಮುಳ್ಳು ತುಂಬಿ, ಅಲ್ಲಿ ದಾರಿ ಇತ್ತು ಅಂತಲೇ ಗೊತ್ತಾಗಬಾರದು. ಲಂಟಾನ ಮಾತ್ರ ಹಸಿಯಾಗಿ ಎಳೆದು ಹಾಕಬೇಡಿ, ಕಾಯಿ ಬಿದ್ದಲ್ಲೆಲ್ಲ ಏಳುತ್ತದೆ.

ಕಾಲದ ವಿಚಾರ: ಸ್ವಾತಿ ಮಳೆ ಮುಗಿಯುತ್ತಾ ಬಂದು ನೆಲದಲ್ಲಿ ಹಸಿ ಇರುವ ನವೆಂಬರ್ ಮೊದಲ ಮೂರು ವಾರ ನಿಮಗೆ ಸರಿ. ಪಿಕಾಸಿ, ಸನಿಕೆ, ಹಾರೆ, ಬಾಣಲಿ, ಅಗಲ ಹಲ್ಲಿನ ಕುಂಟೆ ಇದ್ದರೆ ಸಾಕು. ಜೆಸಿಬಿಗೆ ಎಂಟು ಅಡಿಗಿಂತ ಕಡಿಮೆ ಅಗಲದಲ್ಲಿ ಕೆಲಸ ಮಾಡೋಕೆ ಬರುವುದಿಲ್ಲ, ನಿಮಗೆ ಬೇಕಿರುವುದು ಮೂರು. ಕಲ್ಲು ಸಾಗಿಸೋಕೆ, ಕೆರೆ ಗೋಡು ತರೋಕೆ ಬೇಕಾದರೆ ಅಡ್ವಾನ್ಸ್ ದುಡ್ಡನ್ನು ಅಲ್ಲಿ ಕಳೆಯಿರಿ.

ಪಟ್ಟಾ ಜಮೀನು ಅಂದಿರಿ, ಒಳ್ಳೆಯದು. ಆದರೂ ಗುಡ್ಡದ ಆಚೆ ಮಗ್ಗುಲು ಅರಣ್ಯಕ್ಕೋ ಗೋಮಾಳಕ್ಕೋ ಸೇರಿದೆಯಾ ಅಂತ ಸರ್ವೆ ನಕ್ಷೆ ತೆಗೆಸಿ ನೋಡಿ. ಮೀಸಲು ಅರಣ್ಯದಲ್ಲಿ ಅನುಮತಿ ಇಲ್ಲದೆ ಒಂದು ಬಾಣಲಿ ಮಣ್ಣು ಅಗೆದರೂ 1963ರ ಕರ್ನಾಟಕ ಅರಣ್ಯ ಕಾಯ್ದೆಯಲ್ಲಿ ಅಪರಾಧ. ಚಾಮುಂಡಿ ಬೆಟ್ಟದಲ್ಲಿ ಒಂದು ಟ್ರೇಲ್ ಮಾಡೋಣ ಬನ್ನಿ ಅಂತ ಕರೆಯುವವರಿಗೆ ನಾನು ಕೊಡುವ ಉತ್ತರವೂ ಇದೇ. ಮತ್ತೆ, ಕಬ್ಬಿನ ಗದ್ದೆ ಪಕ್ಕದ ಗುಡ್ಡ ಅಂದರೆ ಚಿರತೆ ಇದ್ದೇ ಇದೆ ಅಂದುಕೊಳ್ಳಿ. ಬೆಳಿಗ್ಗೆ ಏಳರ ಮುಂಚೆ, ಸಂಜೆ ಐದೂವರೆ ಮೇಲೆ ಸೈಕಲ್ ಹತ್ತಬೇಡಿ, ಒಬ್ಬೊಬ್ಬರೇ ಅಂತೂ ಬೇಡ.

ಕೊನೆಗೆ ಆರನೇ ಫೋಟೋದ ಮೂಲೆಯಲ್ಲಿ ಕಾಣುವ ಮೇಕೆಗಳ ಮಾತು. ದನದ ಜಾಡನ್ನು ನೀವು ಕಿತ್ತುಕೊಂಡಿದ್ದೀರಿ, ಈಗ ಮುಳ್ಳು ಬೇರೆ ತುಂಬುತ್ತೀರಿ. ಮೇಕೆಗಳು ಹೊಸ ಬರ್ಮಿನ ನೆತ್ತಿ ಹತ್ತಿಯೇ ಹೋಗುತ್ತವೆ, ಅವಕ್ಕೆ ಎತ್ತರ ಅಂದರೆ ಇಷ್ಟ. ಮೇಯಿಸುವವರನ್ನು ಬಟ್ಟೆ ಚೂರು ಕಟ್ಟುವ ದಿನವೇ ಜೊತೆಗೆ ಕರೆದುಕೊಂಡು ಹೋಗಿ, ಅವರಿಗೆ ಎಲ್ಲಿ ದಾಟಬೇಕೋ ಅಲ್ಲಿ ನಾಲ್ಕು ಕಲ್ಲು ಹಾಸಿ ಜಾಗ ಬಿಡಿ. ಬರ್ಮ್ ಬಡಿದ ಮೇಲೆ ಎರಡು ವಾರ ಅದರ ನೆತ್ತಿಗೆ ಮುಳ್ಳು ಕೊಂಬೆ ಮುಚ್ಚಿಡಿ. ಬಟ್ಟೆ ಕಟ್ಟಿ ಮುಗಿದ ದಿನ ಪೈಪಿನ ಅಳತೆ ಬರೆದು ಕಳಿಸಿ, ಎಲ್ಲಾದರೂ ನೂರಕ್ಕೆ 12 ದಾಟಿದ್ದರೆ ಅಗೆಯುವ ಮೊದಲು ಮಾತಾಡೋಣ.